ಅಕ್ಕನ ಅಳತೆ

ಕೊಲ್ಲಿ ದೇಶದಲ್ಲಿ, ಸತ್ವಾ ಬಡಾವಣೆಯ ಹಳೆಯ ವಿಲ್ಲಾವೊಂದರ ಒಂದೇ ಕೋಣೆಯಲ್ಲಿ ನಾವು ಎಂಟು ಹೆಂಗಸರಿದ್ದೆವು. ಬಾಡಿಗೆ ಕೋಣೆಗಲ್ಲ, ಮಂಚಕ್ಕೆ. ಮೆಟ್ರೋ ಓಡಲು ಶುರುವಾಗಿ ಎರಡು ಮೂರು ವರ್ಷವಾಗಿದ್ದ ಕಾಲ. ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಿಕೊಂಡು ಬಂದ ನನಗೆ ಕಿಟಕಿಯ ಪಕ್ಕದ ಕೆಳಮಂಚ ಸಿಕ್ಕಿತು. ಅದು ನನ್ನದಲ್ಲ, ಎರಡು ತಿಂಗಳ ರಜೆಗೆ ಕಾರ್ಕಳಕ್ಕೆ ಹೊರಟಿದ್ದ, ನಾವೆಲ್ಲ ಅಕ್ಕ ಎನ್ನುತ್ತಿದ್ದ ಹಿರಿಯ ಹೆಂಗಸಿನದು. ಹನ್ನೊಂದು ವರ್ಷ ಮಲಗಿ ಸಂಪಾದಿಸಿದ ಜಾಗ. ಸುತ್ತ ಹೂವಿನ ಪರದೆ, ತಲೆಯ ಬಳಿ ಮಗಳ ಶಾಲೆಯ ಫೋಟೋ ಇತ್ತು.

ಅಕ್ಕ ಮಂಚದ ಜೊತೆ ಕೆಲಸವನ್ನೂ ಕೊಟ್ಟರು. ಬೀದಿಯ ಕೊನೆಯ ಟೈಲರ್ ಅಂಗಡಿಯಲ್ಲಿ ಅವರು ಹೆಂಗಸರ ಅಳತೆ ತೆಗೆಯುತ್ತಿದ್ದರು. ಹೊಲಿಯುವವರೆಲ್ಲ ಗಂಡಸರು, ಟೇಪ್ ಹಿಡಿಯಲು ಮಾತ್ರ ಹೆಂಗಸೇ ಬೇಕು. ರಜೆಗೆ ಹೋಗುವವರು ಬದಲಿಗೆ ತಮ್ಮೂರಿನ ಕಡೆಯವರನ್ನೇ ನಿಲ್ಲಿಸಿ ಹೋಗುವುದು ನಮ್ಮವರ ಕ್ರಮ. ಬೇರೆಯವರು ಬಂದರೆ ಕೆಲಸ ಹೋಯಿತೆಂದೇ ಲೆಕ್ಕ, ನಮ್ಮವರಾದರೆ ಹಿಂದಿರುಗಿದಾಗ ಬಿಟ್ಟುಕೊಡುತ್ತಾರೆ ಎಂಬ ನಂಬಿಕೆ. ಹೊರಡುವ ಮೊದಲು ಅಕ್ಕ ಮೂರು ದಿನ ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಕಲಿಸಿದರು. ಬಟ್ಟೆ ಬಿಗಿಯಾಗದಂತೆ ಟೇಪಿನ ಒಳಗೆ ಎರಡು ಬೆರಳು ಹೋಗಬೇಕು, ಉಸಿರು ಬಿಗಿಹಿಡಿದವರ ಅಳತೆ ಬರೆಯಬಾರದು ಎಂದರು.

ಎರಡನೆಯ ತಿಂಗಳಲ್ಲಿ ಯಜಮಾನ ನನ್ನನ್ನು ಕರೆದು, ಅಕ್ಕನಿಗಿಂತ ಕಡಿಮೆ ಸಂಬಳಕ್ಕೆ ಒಪ್ಪಿದರೆ ವೀಸಾ ಮಾಡಿಸುತ್ತೇನೆ, ಆ ಜಾಗದಲ್ಲಿ ನೀನೇ ಇರು ಎಂದ. ನನ್ನ ವಿಸಿಟ್ ವೀಸಾ ಮುಗಿಯಲು ಒಂಬತ್ತು ದಿನವಿತ್ತು. ಬರಿಗೈಯಲ್ಲಿ ಹಿಂದಿರುಗಿ ಅತ್ತಿಗೆಯ ಅಡುಗೆಮನೆಯಲ್ಲಿ ನಿಲ್ಲುವುದು ನನ್ನಿಂದಾಗದು. ಯೋಚಿಸಿ ಹೇಳುತ್ತೇನೆ ಎನ್ನುವಷ್ಟು ಮರ್ಯಾದೆಯನ್ನೂ ತೋರದೆ ಹೂಂ ಎಂದೆ. ಉಂಡ ಮನೆಗೆ ಎರಡು ಬಗೆಯುವುದೆಂದರೆ ಏನೆಂದು ಗೊತ್ತಿತ್ತು, ಗೊತ್ತಿದ್ದೇ ಮಾಡಿದೆ. ಅಕ್ಕನಿಗೆ ಯಜಮಾನನೇ ಫೋನ್ ಮಾಡಲಿ ಎಂದು ಸುಮ್ಮನಾದೆ. ಅವನೂ ಮಾಡಲಿಲ್ಲ.

ಅಕ್ಕ ಒಂದು ಶನಿವಾರ ಬೆಳಿಗ್ಗೆ ವಿಮಾನ ಇಳಿದು, ಚೀಲವನ್ನು ಕೋಣೆಯಲ್ಲಿಟ್ಟು, ಎಲ್ಲರಿಗೂ ಹಲಸಿನ ಹಪ್ಪಳ ಹಿಡಿದುಕೊಂಡು ನೇರ ಅಂಗಡಿಗೇ ಬಂದರು. ಬಟ್ಟೆ ಹಾಕಿ ನೋಡುವ ಪರದೆಯ ಹಿಂದೆ ನಾನು ಅಡಗಿ ನಿಂತೆ. ಯಜಮಾನ ವಿಷಯ ಹೇಳುವುದೂ, ಅವರು ಮೆಟ್ಟಿಲಿಳಿದು ಹೋಗುವುದೂ ಕೇಳಿಸಿತು. ಹಪ್ಪಳದ ಕಟ್ಟುಗಳು ಮೇಜಿನ ಮೇಲಿದ್ದವು. ನನ್ನ ಹೆಸರು ಬರೆದದ್ದು ಎಲ್ಲರದಕ್ಕಿಂತ ದೊಡ್ಡದಿತ್ತು.

ಸಂಜೆ ಕೋಣೆಗೆ ಬಂದಾಗ ಅಕ್ಕ ಮಂಚದ ಹತ್ತಿರ ನಿಂತಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬೆಡ್ ಬಿಟ್ಟುಕೊಡು ಮಾರಾಯ್ತಿ," ಎಂದರು. "ಅದಾದ್ರೂ ನಂದು ಉಂಟಲ್ಲ."

ನಾನು ಮೇಲಿನ ಮಂಚಕ್ಕೆ ಹೋದೆ. ಅವರ ವೀಸಾ ರದ್ದಾಯಿತು. ಬೇರೆ ಕೆಲಸ ಹುಡುಕಲು ಇನ್ನು ಒಂದು ತಿಂಗಳ ಗಡುವು. ಅಕ್ಕ ದಿನವೂ ಬಸ್ಸು ಹತ್ತಿ ಕರಾಮಾ, ಅಲ್ ಕೂಜ್ ಎಲ್ಲ ಅಲೆದರು. ಐವತ್ತರ ಹತ್ತಿರದವರಿಗೆ ಹೊಸ ವೀಸಾ ಮಾಡಿಸಲು ಯಾರೂ ಮುಂದೆ ಬರಲಿಲ್ಲ. ಬೆಳಗಿನ ಚಹಾ ಮಾತ್ರ ಮೊದಲಿನಂತೆ ಎಲ್ಲರಿಗೂ ಅವರೇ ಮಾಡುತ್ತಿದ್ದರು, ನನಗೂ ಸೇರಿಸಿ. ಅದನ್ನು ಕುಡಿಯುವಾಗ ನನಗೆ ಆಗುತ್ತಿದ್ದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಖಲಾಸ್ ಆಗಿ, ಅಂದರೆ ಕೆಲಸ ಮುಗಿದು, ಊರಿಗೆ ಹೊರಡುವ ಕೆಲಸದವರಿಗೆ ಒಂದು ಜೊತೆ ಬಟ್ಟೆ ಹೊಲಿದು ಕೊಡುವುದು ಆ ಅಂಗಡಿಯ ಪದ್ಧತಿ. ಕೊನೆಯ ವಾರ ಅಕ್ಕ ಬಂದರು. ಅಳತೆ ತೆಗೆಯುವವಳು ನಾನೊಬ್ಬಳೇ.

ಪರದೆಯ ಒಳಗೆ ಅವರು ತೋಳೆತ್ತಿ ನಿಂತರು. ಹಳೆಯ ಪುಸ್ತಕದಲ್ಲಿ ಅವರ ಅಳತೆ ಅವರದೇ ಅಕ್ಷರದಲ್ಲಿತ್ತು. ಸೊಂಟ ಎರಡೂವರೆ ಇಂಚು ಇಳಿದಿತ್ತು. ತಪ್ಪಾಯಿತು ಅಕ್ಕ ಎನ್ನಲು ಹೊರಟವಳು ಟೇಪಿನ ಅಂಕಿಯನ್ನೇ ಮತ್ತೊಮ್ಮೆ ಓದಿದೆ. ಅವರು ನನ್ನ ಮುಖ ನೋಡಲಿಲ್ಲ, ಟೇಪು ನೋಡಿದರು.

"ಎರಡು ಬೆರಳು ಹಾಕ್ಲಿಲ್ಲ ನೀನು," ಎಂದರು. "ಪುನಃ ತೆಗಿ. ಹೀಗೆ ಬಿಗಿ ಹಿಡಿದ್ರೆ ಕೆಲಸ ಉಳಿಯುದಿಲ್ಲ ನಿಂಗೆ."

ಎರಡು ಬೆರಳು ಹಾಕಿ ಮತ್ತೆ ತೆಗೆದೆ.