ಸಿರಾಜಣ್ಣ ಕಟ್ಟದ ಫೋನ್ ಬಿಲ್ಲು

ಕಡೂರಿನ ಸುತ್ತಮುತ್ತ ಮೋಟರ್ ಸುಟ್ಟುಹೋದರೆ ರೈತರು ಮೊದಲು ಕರೆಂಟಿನವರಿಗೆ ಶಾಪ ಹಾಕುತ್ತಾರೆ, ಆಮೇಲೆ ಸಿರಾಜಣ್ಣನ ಅಂಗಡಿಗೆ ಬರುತ್ತಾರೆ. ಪೂರ್ತಿ ಹೆಸರು ಸಿರಾಜುದ್ದೀನ್. ಮೂವತ್ತೈದು ವರ್ಷದಿಂದ ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಕೆಲಸ. ನನ್ನದು ಪಕ್ಕದ ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಆನ್‌ಲೈನ್ ಅರ್ಜಿ ಎಲ್ಲ ನನ್ನಲ್ಲಿ ಆಗುತ್ತದೆ. ನಡುವೆ ಇರುವುದು ಒಂದು ತಗಡಿನ ಗೋಡೆ. ಅವರು ವಾರ್ನಿಷ್ ಹಾಕಿದ ದಿನ ಆ ವಾಸನೆಗೆ ನಾನು ಮೂಗು ಮುಚ್ಚಿಕೊಂಡೇ ಟೈಪ್ ಮಾಡಬೇಕು. ಆದರೂ ಹದಿನೆಂಟು ವರ್ಷದಲ್ಲಿ ನಾವು ಜಗಳ ಆಡಿದ್ದು ಕಡಿಮೆ. ಹೋದ ವರ್ಷ ಮಾತ್ರ ಎಲ್ಲಕ್ಕೂ ಸೇರಿಸಿ ಆಡಿಬಿಟ್ಟೆವು.

ತಿಮ್ಮೇಶ ಪಂಚನಹಳ್ಳಿಯವನು. ಹನ್ನೆರಡು ವರ್ಷ ಸಿರಾಜಣ್ಣನ ಹತ್ತಿರ ಕೆಲಸ ಮಾಡಿದವನು, ಈಗ ಎರಡು ಮಕ್ಕಳ ತಂದೆ. ತನ್ನೂರಿನ ಬಸ್ ನಿಲ್ದಾಣದ ಎದುರು ಸ್ವಂತ ಅಂಗಡಿ ಇಡಬೇಕೆಂದು ಬ್ಯಾಂಕಿನಲ್ಲಿ ಮೂರು ಲಕ್ಷ ಸಾಲ ಕೇಳಿದ್ದ. ಜಾಮೀನಿಗೆ ಒಬ್ಬರನ್ನು ಕರೆದುಕೊಂಡು ಬಾ ಅಂದರು. ಅವನು ಅಂಗಡಿ ತೆರೆದರೆ ಪಂಚನಹಳ್ಳಿ ಕಡೆಯ ಗಿರಾಕಿಗಳು ತನ್ನ ಕೈತಪ್ಪುತ್ತಾರೆ ಎಂದು ಗೊತ್ತಿದ್ದೂ ಸಿರಾಜಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೋದರು. ಒಂದು ಗಂಟೆಯಲ್ಲಿ ವಾಪಸ್ ಬಂದು ನನ್ನ ಕೌಂಟರಿನ ಮುಂದೆ ನಿಂತರು.

"ಮಾಲಿನಮ್ಮ, ನಾನು ಬಾಕಿದಾರ ಅಂತೆ ಕಣಮ್ಮಾ. ಜಾಮೀನಿಗೆ ಆಗಲ್ವಂತೆ."

ಸಾಲ ಬಾಕಿಗಳ ಲೆಕ್ಕವಿರುವ ಅವರ ಸಿಬಿಲ್ ರಿಪೋರ್ಟ್ ತೆಗೆದು ನೋಡಿದೆ. ಹನ್ನೊಂದು ವರ್ಷದ ಹಿಂದಿನ ಒಂದು ಫೋನ್ ಬಿಲ್ಲು, ಸಾವಿರದ ನಾನೂರ ಅರವತ್ತು ರೂಪಾಯಿ, ಕಟ್ಟಿಲ್ಲ ಎಂದು ಅವರ ಹೆಸರಿನಲ್ಲಿ ಕೂತಿತ್ತು. ಆ ಫೋನು ನನಗೂ ನೆನಪಿದೆ. ಆಂಟೆನಾ ಇದ್ದ ಮೇಜಿನ ಫೋನು. ಮೋಟರ್ ತಂದ ರೈತರು ಕಾಯುತ್ತಾ ಕೂತು, ಮನೆಗೆ ಫೋನ್ ಮಾಡಿ "ಕರೆಂಟ್ ಬಂತಾ?" ಅಂತ ಕೇಳುತ್ತಿದ್ದರು. ದಿನಕ್ಕೆ ಇಪ್ಪತ್ತು ಮೂವತ್ತು ಕಾಲ್. ಸಿರಾಜಣ್ಣ ಯಾರ ಹತ್ತಿರವೂ ಒಂದು ರೂಪಾಯಿ ಕೇಳಿದವರಲ್ಲ. ಎಲ್ಲರ ಕೈಗೂ ಮೊಬೈಲು ಬರತೊಡಗಿದಾಗ ಅದನ್ನು ಕಂಪನಿಯ ಅಂಗಡಿಗೆ ವಾಪಸ್ ಕೊಟ್ಟು, ಬಾಕಿ ಚುಕ್ತಾ ಮಾಡಿ ಬಂದಿದ್ದರು.

"ರಸೀದಿ ಇದೆಯಾ ಅಣ್ಣಾ?" ಅಂದೆ.

"ಇದ್ದೇ ಇರ್ತದೆ. ಎಲ್ಲಾ ತಂತಿಗೆ ಚುಚ್ಚಿಟ್ಟಿದೀನಿ."

ಗೋಡೆಯ ತಂತಿಯಲ್ಲಿ ಹುಡುಕಿದರು. ಹೋದ ಎರಡು ವರ್ಷದ ಬಿಲ್ಲುಗಳು ಮಾತ್ರ ಇದ್ದವು. ಆಮೇಲೆ ನೆನಪಾಗಿ ತಲೆ ಕೆರೆದುಕೊಂಡರು. ಸುಟ್ಟ ಮೋಟರಿನ ಹಳೆಯ ತಂತಿ ಸುಲಭಕ್ಕೆ ಹೊರಗೆ ಬರುವುದಿಲ್ಲ. ಒಳಗೆ ಬೆಂಕಿ ಹಾಕಿ ವಾರ್ನಿಷ್ ಉರಿಸಿದರೆ ಮಾತ್ರ ತಾಮ್ರ ಸಡಿಲವಾಗುತ್ತದೆ. ಆ ಬೆಂಕಿ ಹಚ್ಚಲು ಕಾಗದ ಬೇಕು. ತಂತಿ ತುಂಬಿದಾಗಲೆಲ್ಲ ಸಿರಾಜಣ್ಣ ಅಡಿಯಲ್ಲಿದ್ದ ಬಿಲ್ಲುಗಳನ್ನು ಕಿತ್ತು ಯಾವುದಾದರೂ ಮೋಟರಿನ ಹೊಟ್ಟೆಗೆ ತುರುಕುತ್ತಿದ್ದರು. ಅವರ ಫೋನ್ ರಸೀದಿ ಶಿವನಿ ಊರಿನ ಯಾರದೋ ಮೋಟರಿನಲ್ಲಿ ಬೂದಿಯಾಗಿ ಎಷ್ಟು ವರ್ಷವಾಗಿತ್ತೋ!

ನನಗೆ ನಗು ತಡೆಯಲಾಗಲಿಲ್ಲ. ಅವರು ನಗಲಿಲ್ಲ.

ಸಿಬಿಲ್‌ನವರಿಗೆ ಆನ್‌ಲೈನಿನಲ್ಲಿ ತಕರಾರು ಹಾಕಿದೆ. ಒಂದು ತಿಂಗಳ ಮೇಲೆ ಒಂದೇ ಸಾಲಿನ ಉತ್ತರ ಬಂತು: ಕಂಪನಿಯವರು ಪರಿಶೀಲಿಸಿದ್ದಾರೆ, ಬಾಕಿ ಸರಿಯಾಗಿದೆ. ಬ್ಯಾಂಕ್ ಮ್ಯಾನೇಜರು ಮೋಹನ್ ಒಳ್ಳೆಯ ಮನುಷ್ಯ. "ಅದನ್ನ ಕಟ್ಟಿ ರಸೀದಿ ತಂದ್ಬಿಡಿ ಸಾಬ್ರೇ, ನಾನು ನೋಡ್ಕೋತೀನಿ" ಅಂದರು. ಸಿರಾಜಣ್ಣನ ಮನೆಯಾಕೆ ಮಹಬೂಬ್ ಬಿ ಕೂಡ ಕಟ್ಟಿ ಅಂದರು. ನಾನೂ ಅಂದೆ.

ಯಾಕೆಂದರೆ ಅತ್ತ ತಿಮ್ಮೇಶನ ಸೋದರಮಾವ ಈರಭದ್ರಪ್ಪ ಕಾದು ಕೂತಿದ್ದ. ಅವನು ಜಾಮೀನಿಗೆ ತಯಾರು, ಆದರೆ ಅಂಗಡಿಯಲ್ಲಿ ಅರ್ಧ ಪಾಲು ಬರೆದುಕೊಡಬೇಕು. ಮಳಿಗೆಯ ಮಾಲೀಕ ಯುಗಾದಿಯವರೆಗೆ ಮಾತ್ರ ಕಾಯುತ್ತೇನೆ ಅಂದಿದ್ದ. ಯುಗಾದಿಯೊಳಗೆ ಸಿರಾಜಣ್ಣನ ಹೆಸರು ಚೊಕ್ಕಟವಾಗದಿದ್ದರೆ ತಿಮ್ಮೇಶ ಜೀವನಪೂರ್ತಿ ಮಾವನಿಗೆ ದುಡಿಯಬೇಕು.

ಒಂದು ದಿನ ತಿಮ್ಮೇಶನೇ ಮೂರು ಐನೂರರ ನೋಟು ಹಿಡಿದುಕೊಂಡು ಬಂದ.

"ಉಸ್ತಾದ್ರೇ, ನಾನೇ ಕಟ್ಬಿಡ್ತೀನಿ. ನೀವು ಸುಮ್ನಿರಿ."

ಸಿರಾಜಣ್ಣ ಕೈಯಲ್ಲಿದ್ದ ಕಟಿಂಗ್ ಪ್ಲೇಯರ್ ಕೆಳಗೆ ಕುಕ್ಕಿದರು. "ಜೇಬಿಗೆ ಹಾಕ್ಕೊಳೋ ಅದನ್ನ! ನನ್ನ ಹೆಸರಿಗೆ ಮಸಿ ಬಳಿಯಕ್ಕೆ ನೀನು ದುಡ್ಡು ಬೇರೆ ಕೊಡ್ತೀಯಾ?"

ನನಗೆ ರೇಗಿತು. "ಅವನ ಅಂಗಡಿ ಹೋಗ್ತಾ ಇದೆ, ನಿಮ್ಗೆ ನಿಮ್ಮ ಹೆಸರೇ ಹೆಚ್ಚಾಯ್ತಾ ಅಣ್ಣಾ? ಸಾವಿರದ ನಾನೂರು ಎಲ್ಲಿ, ಮೂರು ಲಕ್ಷ ಎಲ್ಲಿ?"

ಅವರು ಮೆಲ್ಲಗೆ ಹೇಳಿದರು: "ನಂಜೊತೆ ವ್ಯವಹಾರ ಮಾಡೋನು ಚೀಟಿ ಕೇಳಲ್ಲಮ್ಮ. ಮೂವತ್ತು ಸಾವಿರದ ಮೋಟರ್ ಇಲ್ಲಿ ಬಿಟ್ಟು ಬಸ್ ಹತ್ಕೊಂಡು ಹೋಗ್ತಾನೆ. ಈಗ ಇದನ್ನ ಕಟ್ಟಿದ್ರೆ, ಹನ್ನೊಂದು ವರ್ಷ ಕೊಡ್ದೆ ತಪ್ಪಿಸ್ಕೊಂಡಿದ್ದೆ ಅಂತ ನಾನೇ ಒಪ್ದಂಗೆ ಅಲ್ವಾ? ಅಂಥೋನ್ ಜಾಮೀನು ಇವ್ನಿಗೆ ಯಾಕಮ್ಮ ಬೇಕು?"

ಅವರ ಮಾತು ಮನಸ್ಸಿಗೆ ಚುಚ್ಚಿತು. ರಸೀದಿ ಇಲ್ಲ, ರಸೀದಿ ಇಲ್ಲ ಎಂದು ಅವರನ್ನೇ ಗೋಳು ಹೊಯ್ದುಕೊಳ್ಳುತ್ತಿದ್ದೆನಲ್ಲ, ಬಾಕಿ ಇದೆ ಎನ್ನುವವರ ಹತ್ತಿರ ಏನಿದೆ ಎಂದು ನಾನು ಕೇಳಿಯೇ ಇರಲಿಲ್ಲ. ಅವತ್ತೇ ಕಂಪನಿಯ ದೂರು ವಿಭಾಗಕ್ಕೆ ಬರೆದೆ: ಯಾವ ತಿಂಗಳ ಬಾಕಿ, ಆ ಬಿಲ್ಲಿನ ನಕಲು ಕಳಿಸಿ, ಕಾಲ್ ಪಟ್ಟಿಯನ್ನೂ ಕಳಿಸಿ. ವಾರಕ್ಕೆರಡು ಸಲ ಜ್ಞಾಪಿಸಿದೆ. ನನ್ನ ಕಾಟ ತಡೆಯಲಾರದೆ ಅಂತಲೇ ಇರಬೇಕು, ಯುಗಾದಿಗೆ ಎರಡು ವಾರ ಇರುವಾಗ ಕಳಿಸಿದರು.

ಪ್ರಿಂಟ್ ತೆಗೆದು ಸಿರಾಜಣ್ಣನ ಕೈಗೆ ಕೊಟ್ಟೆ. ಎರಡು ತಿಂಗಳ ಬಾಡಿಗೆ, ತೆರಿಗೆ, ತಡವಾದದ್ದಕ್ಕೆ ದಂಡ. ಅವರು ಕನ್ನಡಕ ಏರಿಸಿ ಪುಟ ತಿರುವಿದರು, ಮತ್ತೆ ತಿರುವಿದರು.

"ಕಾಲ್ ಎಲ್ಲಮ್ಮ?"

"ಇಲ್ಲ ಅಣ್ಣಾ. ಸೊನ್ನೆ ಅಂತ ಇದೆ."

"ನನ್ನ ಅಂಗ್ಡಿ ಫೋನಲ್ಲಿ ಎರಡು ತಿಂಗ್ಳು ಒಂದು ಕಾಲೂ ಇಲ್ವಾ? ಮೋಟರ್ ಸೀಜನ್‌ನಲ್ಲಿ?" ಎನ್ನುತ್ತಾ ಅವರು ತೊಡೆ ತಟ್ಟಿಕೊಂಡು ನಗತೊಡಗಿದರು. ಎರಡು ತಿಂಗಳಲ್ಲಿ ನಾನು ಕಂಡ ಮೊದಲ ನಗು ಅದು.

ಅದಕ್ಕೂ ಹಿಂದಿನ ತಿಂಗಳ ಬಿಲ್ಲಿನಲ್ಲಿ ಎಷ್ಟು ಕಾಲ್ ಇತ್ತು ನೋಡಿ, ಆಮೇಲೆ ಈ ಸೊನ್ನೆ ನೋಡಿ, ಫೋನು ನಿಮ್ಮ ಬಳಿಯೇ ಇತ್ತು ಎಂದು ಕಂಪನಿಗೆ ಬರೆದೆ. ಹತ್ತು ದಿನಕ್ಕೆ ಉತ್ತರ ಬಂತು. ಹಿಂದಿನ ತಿಂಗಳು ಆರುನೂರ ಹನ್ನೆರಡು ಕಾಲ್. ಫೋನು ವಾಪಸ್ ಬಂದದ್ದನ್ನು ಅವರ ಕಡೆಯವರು ಎರಡು ತಿಂಗಳು ತಡವಾಗಿ ದಾಖಲಿಸಿದ್ದರಂತೆ. ಬಾಕಿ ರದ್ದು ಎಂದು ಪತ್ರ ಕೊಟ್ಟರು. ಯುಗಾದಿಗೆ ನಾಲ್ಕು ದಿನ ಉಳಿದಿತ್ತು.

ಪತ್ರ ಹಿಡಿದು ಮೂವರೂ ಬ್ಯಾಂಕಿಗೆ ಹೋದೆವು. ಮೋಹನ್ ಜಾಮೀನಿನ ಕಾಗದಗಳನ್ನು ಮುಂದಿಟ್ಟು, ಕರ್ತವ್ಯ ಎನ್ನುವಂತೆ ಎಚ್ಚರಿಸಿದರು: "ತಿಮ್ಮೇಶ್ ಕಟ್ಟದೇ ಹೋದ್ರೆ ಮೂರು ಲಕ್ಷ ಬಡ್ಡಿ ಸಮೇತ ನಿಮ್ಮ ತಲೆ ಮೇಲೆ ಬರುತ್ತೆ. ಓದಿ, ಯೋಚ್ನೆ ಮಾಡಿ ಸೈನ್ ಮಾಡಿ ಸಾಬ್ರೇ."

ಸಾವಿರದ ನಾನೂರ ಅರವತ್ತಕ್ಕೆ ನನ್ನ ಪ್ರಾಣ ತಿಂದ ಮನುಷ್ಯ ಒಂದು ಸಾಲೂ ಓದದೆ ಹಾಳೆ ಮೇಲೆ ಹಾಳೆ ಸೈನ್ ಮಾಡುತ್ತಾ ಹೋದರು.

"ಅದು ನಾನು ಕೊಡ್ಬೇಕಾದ್ದಲ್ಲ, ಅದಕ್ಕೆ ಜಗಳ ಆಡ್ದೆ ಸಾರ್," ಅಂದರು. "ಇದು, ಇವ್ನು ಕೊಡ್ಲಿಲ್ಲ ಅಂದ್ರೆ ನಾನು ಕೊಡ್ಬೇಕಾದ್ದು. ಕೊಡ್ತೀನಿ."

ತಿಮ್ಮೇಶ ಗೋಡೆಯ ಕಡೆ ತಿರುಗಿ, ಬಡ್ಡಿ ದರದ ಪಟ್ಟಿ ಓದುವವನಂತೆ ನಿಂತು ಕಣ್ಣೊರೆಸಿಕೊಂಡ.