ಗುಟ್ಟಾಗಿ ತುಂಬಿಟ್ಟ ಕ್ಯಾರವಾನ್

ಹಲ್ಲಿನ ಆಸ್ಪತ್ರೆಯ ಬಾಗಿಲ ಬಳಿಯ ಮೇಜಿನ ಹಿಂದೆ ಕೂತು ಬಂದವರಿಗೆ ದಿನ, ಸಮಯ ಗೊತ್ತುಮಾಡಿ ಕೊಡುವುದು ಅವಳ ಕೆಲಸ. ದವಡೆ ಹಿಡಿದುಕೊಂಡು ಹೊರಗೆ ಬಂದವರನ್ನು ಅವಳು ಹಾಗೇ ಮನೆಗೆ ಕಳಿಸುವವಳಲ್ಲ. ಇನ್ನು ಆರು ತಿಂಗಳಿಗೆ ಯಾವ ವಾರ, ಯಾವ ಹೊತ್ತಿಗೆ ಬರಬೇಕು ಎಂಬುದನ್ನು ಬರೆದುಕೊಂಡೇ ಬಿಡುತ್ತಿದ್ದಳು. "ಅಲ್ಲಿವರೆಗೆ ಬದುಕಿದ್ರೆ ನೋಡೋಣಮ್ಮ" ಎಂದು ಯಾರಾದರೂ ಮುದುಕರು ತಮಾಷೆ ಮಾಡಿದರೆ, "ಇರ್ತೀರ, ಬೆಳಗಿನ ಹೊತ್ತಿಗೇ ಹಾಕಿದ್ದೀನಿ" ಎನ್ನುತ್ತಿದ್ದಳು. ಆಸ್ಪತ್ರೆಯವರೆಲ್ಲ ಅವಳನ್ನು ಕ್ಯಾಲೆಂಡರ್ ಅಕ್ಕ ಎಂದು ಕರೆದು ಕರೆದು, ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು.

ಮನೆಯಲ್ಲೂ ಅವಳದೇ ಆಡಳಿತ. ಅಡುಗೆಮನೆಯ ಬಾಗಿಲ ಹಿಂದೆ ದೊಡ್ಡ ಚೌಕಗಳ ಕ್ಯಾಲೆಂಡರ್. ಖಾತ್ರಿಯಾದದ್ದು ಪೆನ್ನಿನಲ್ಲಿ, ಅನುಮಾನದ್ದು ಪೆನ್ಸಿಲಿನಲ್ಲಿ. ಮನೆಯ ಪಕ್ಕದ ಜಾಗದಲ್ಲಿ ಅವರ ಕ್ಯಾರವಾನ್ ನಿಂತಿರುತ್ತಿತ್ತು. ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ಆ ಪುಟ್ಟ ಮನೆಯಲ್ಲಿ ನಾಲ್ಕು ಜನಕ್ಕೆ ಹಾಸಿಗೆ, ಒಂದು ಒಲೆ, ಪಾತ್ರೆ ತೊಳೆಯಲು ಒಂದು ಪುಟ್ಟ ತೊಟ್ಟಿ. ಅದು ಮುಂದಿನ ವರ್ಷ ಎಲ್ಲೆಲ್ಲಿ ಎಷ್ಟೆಷ್ಟು ದಿನ ನಿಲ್ಲುತ್ತದೆ ಎಂಬುದು ಹಿಂದಿನ ವರ್ಷವೇ ಪೆನ್ನಿನಲ್ಲಿ ಬರೆದಾಗಿರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಗುವವರು ನಗಲಿ, ಕುಲಾವಿ ಇಲ್ಲದೆ ಕೂಸಿಗೆ ನೆಗಡಿಯಾದರೆ ನೋಡಿಕೊಳ್ಳುವವರು ಯಾರು ಎಂಬುದು ಅಕ್ಕನ ವಾದ. ಲಿಫ್ಟ್ ರಿಪೇರಿಯವನಾದ ಅವಳ ಗಂಡ ಪ್ರತಿ ವರ್ಷ ಅವಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು, ಅವಳು ಓದಿದ್ದಕ್ಕೆಲ್ಲ ಹೂಂ ಎನ್ನುತ್ತಿದ್ದ.

ಇಷ್ಟೆಲ್ಲ ಇದ್ದೂ ಅಕ್ಕನಿಗೆ ಸುಖ ಇರಲಿಲ್ಲ. ಕಾರಣ ಅವಳ ತಂಗಿ.

ತಂಗಿ ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳ ಗಂಡ ರಸ್ತೆಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ಲಾರಿಯ ಡ್ರೈವರ್. ಅವನನ್ನು ಎಲ್ಲರೂ ಕೊಕ್ಕೆ ಎನ್ನುತ್ತಿದ್ದರು, ಅವನೂ ಫೋನ್ ಎತ್ತಿದರೆ "ಕೊಕ್ಕೆ" ಎಂದೇ ಮಾತು ಶುರು ಮಾಡುತ್ತಿದ್ದ. ಅವರಿಗೂ ಒಂದು ಹಳೆಯ ಕ್ಯಾರವಾನ್ ಇತ್ತು. ಕಿಟಕಿಯ ಗಾಜಿಗೆ ಟೇಪು, ಬಾಗಿಲಿಗೆ ದಾರ. ಅವರಿಗೆ ಕ್ಯಾಲೆಂಡರ್ ಗೊತ್ತಿಲ್ಲ, ಮುಂಗಡ ಗೊತ್ತಿಲ್ಲ. ಶುಕ್ರವಾರ ಸಂಜೆ ಟವೆಲ್ ಹುಡುಕುತ್ತ ಹುಡುಕುತ್ತಲೇ ಹೊರಟುಬಿಡುತ್ತಿದ್ದರು.

ಹಾಗೆ ಹೊರಟವರು ಹಾಳಾಗಿ ಹೋಗಿದ್ದರೆ ಅಕ್ಕನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಗುತ್ತಿರಲಿಲ್ಲ. ಹೋದ ಬೇಸಿಗೆಯದನ್ನೇ ನೋಡಿ. ಕೆರೆಯ ಪಕ್ಕದ, ಕ್ಯಾರವಾನ್ ನಿಲ್ಲಿಸುವ ಮೈದಾನದಲ್ಲಿ ಅಕ್ಕ ವರ್ಷದ ಮುಂಚೆಯೇ ಜಾಗ ಹಿಡಿದಿದ್ದಳು. ಸಿಕ್ಕಿದ್ದು ಬಚ್ಚಲುಮನೆಗಳ ಪಕ್ಕ. ವಾರವೆಲ್ಲ ಮಳೆ. ಶನಿವಾರ ತಂಗಿ ಮತ್ತು ಕೊಕ್ಕೆ ಯಾರಿಗೂ ಹೇಳದೆ ಕೇಳದೆ ಬಂದಿಳಿದರು. ಅದೇ ಹೊತ್ತಿಗೆ ಯಾರೋ ಬರುವುದಿಲ್ಲವೆಂದು ಫೋನ್ ಮಾಡಿದರು, ನೀರಿನ ಅಂಚಿಗೆ, ದೊಡ್ಡ ಮರದ ಕೆಳಗಿನ ಜಾಗ ಅವರ ಪಾಲಾಯಿತು. ಮೋಡವೂ ಅವರಿಗಾಗಿಯೇ ಕಾದಿದ್ದಂತೆ ಸರಿಯಿತು. ಸಂಜೆ ಅಕ್ಕನ ಗಂಡ ತಂಗಿಯ ಬಾಗಿಲ ಮುಂದೆ ಕೂತು, ಕೊಕ್ಕೆಯ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಬಟ್ಟಲು ತೊಳೆಯುತ್ತಿದ್ದ ಅಕ್ಕನಿಗೆ ಆ ನಗು ಅಷ್ಟು ದೂರಕ್ಕೂ ಕೇಳಿಸಿತು. ತನ್ನ ಕ್ಯಾರವಾನಿನಲ್ಲಿ ಅವನು ಹಾಗೆ ನಕ್ಕದ್ದು ಅವಳಿಗೆ ನೆನಪಿರಲಿಲ್ಲ. ಮರದ ಕೆಳಗಿನ ಜಾಗ ಹೋಗಲಿ, ಆ ನಗು ಅವಳ ಹೊಟ್ಟೆಯೊಳಗೆ ಕೆಂಡವಾಗಿ ಕೂತಿತು.

ಆ ಕೆಂಡಕ್ಕೆ ಗಾಳಿ ಹಾಕಿದವನು ಗಂಡನೇ. ಮುಂದಿನ ವರ್ಷದ ಕ್ಯಾಲೆಂಡರ್ ಅಂಗಡಿಗೆ ಬಂದ ದಿನವೇ ಅಕ್ಕ ಅದನ್ನು ತಂದು ಮೇಜಿನ ಮೇಲೆ ಬಿಡಿಸಿದಳು. ಪಕ್ಕಕ್ಕೆ ಕುರ್ಚಿ ಎಳೆದಳು. ಗಂಡ ಬರಲಿಲ್ಲ.

"ಈ ಸಲ ನನ್ನ ಬಿಟ್ಟುಬಿಡು" ಎಂದ. "ದಿನಾ ಲಿಫ್ಟ್ ಹತ್ತಿ ಇಳೀತೀನಿ. ಎಲ್ಲಿ ನಿಲ್ಲುತ್ತೆ ಅಂತ ಹತ್ತೋಕೆ ಮುಂಚೇನೇ ಗೊತ್ತು. ರಜೇನೂ ಹಾಗೇ ಆದ್ರೆ ಹೇಗೆ?"

"ಅಂದ್ರೆ ಮುಂದಿನ ವರ್ಷ ಎಲ್ಲಿಗೂ ಬರಲ್ವಾ?"

"ನೀನು ಹೋಗಿ ಬಾ. ನಿನ್ನ ತಂಗಿಯವರನ್ನ ನೋಡು, ಎಷ್ಟು ಆರಾಮಾಗಿ ಇದಾರೆ."

ಮೊದಲಿನದೆಲ್ಲ ಅವಳು ನುಂಗಿಕೊಂಡಾಳು, ಕೊನೆಯ ಮಾತನ್ನಲ್ಲ. ಖಾಲಿ ಕ್ಯಾಲೆಂಡರನ್ನು ಸುರುಳಿ ಸುತ್ತಿ ಬೀರುವಿನ ಮೇಲೆ ಎಸೆದಳು. ಇಷ್ಟು ವರ್ಷ ಪಕ್ಕದಲ್ಲಿ ಕೂತು ಹೂಂಗುಟ್ಟಿದ ಗಂಡನನ್ನು ತಂಗಿ ಒಂದು ಹರಕು ಕ್ಯಾರವಾನ್ ತೋರಿಸಿ ಕಸಿದುಕೊಂಡಳಲ್ಲ ಎನ್ನಿಸಿತು. ಆಗಲೇ ಅವಳು ತೀರ್ಮಾನ ಮಾಡಿದಳು. ಸುಮ್ಮನೆ ಹೊರಡುವುದು ಅಂದರೆ ಏನು ಮಹಾ ವಿದ್ಯೆ? ನಾನೂ ಹೊರಟು ತೋರಿಸುತ್ತೇನೆ. ಒಂದು ಶುಕ್ರವಾರ ಸಂಜೆ, ಇದ್ದಕ್ಕಿದ್ದಂತೆ, "ಏಳ್ರೀ, ಹೋಗೋಣ" ಎನ್ನುತ್ತೇನೆ. ಆಮೇಲೆ ಅವನು ಹೇಗೆ ನಗುವುದಿಲ್ಲ ನೋಡುತ್ತೇನೆ.

ಹುಟ್ಟುಗುಣ ಸುಟ್ಟರೂ ಹೋಗದು. ಆ ಇದ್ದಕ್ಕಿದ್ದಂತೆ ಎಂಬುದಕ್ಕೆ ಅಕ್ಕ ಮೂರು ವಾರ ತಯಾರಿ ನಡೆಸಿದಳು. ಡಾಕ್ಟರ ಹತ್ತಿರ ಸೋಮವಾರಕ್ಕೆ ರಜೆ ಕೇಳಿದಳು. ಕೆರೆಯ ಮೈದಾನಕ್ಕೆ ಫೋನ್ ಮಾಡಿ, ಅದೇ ಮರದ ಕೆಳಗಿನ ಜಾಗವನ್ನು ತನ್ನ ಕ್ಯಾರವಾನಿನ ನಂಬರಿಗೆ ಬರೆಸಿದಳು. ಆ ಮೈದಾನದಲ್ಲಿ ಮನುಷ್ಯರ ಹೆಸರು ಕೇಳುವುದಿಲ್ಲ, ಗಾಡಿಯ ನಂಬರು ಸರಿಯಿದ್ದರೆ ಗೇಟು ತೆಗೆಯುತ್ತಾರೆ. ಗಂಡ ಕೆಲಸಕ್ಕೆ ಹೋದ ಮೇಲೆ ಒಂದೊಂದಾಗಿ ಸಾಮಾನು ಒಯ್ದು ಕ್ಯಾರವಾನಿನಲ್ಲಿ ಅಡಗಿಸಿದಳು. ಹಾಸಿಗೆಗೆ ಹೊಸ ಹೊದಿಕೆ, ಡಬ್ಬಿಯಲ್ಲಿ ಅವನಿಗೆ ಇಷ್ಟವಾದ ನಿಂಬೆಹಣ್ಣಿನ ಕೇಕು, ಕೆರೆಯ ಚಳಿಗೆಂದು ಅವನ ಅಳತೆಯ ನೀಲಿ ಸ್ವೆಟರ್. ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ ಮಾತ್ರ ಏನೂ ಬರೆಯಲಿಲ್ಲ. ಅವಳ ಜೀವಮಾನದಲ್ಲೇ ಬರೆಯದೆ ಬಿಟ್ಟ ಮೊದಲ ಕಾರ್ಯಕ್ರಮ ಅದು. ಆ ಖಾಲಿ ಚೌಕ ನೋಡಿದಾಗೆಲ್ಲ ಅವಳ ಕೈ ಕಡಿಯುತ್ತಿತ್ತು.

ಶುಕ್ರವಾರ ಸಂಜೆ ಆಸ್ಪತ್ರೆಯಿಂದ ಬರುವ ದಾರಿಯುದ್ದಕ್ಕೂ ಏಳ್ರೀ ಹೋಗೋಣ ಎಂಬ ಮಾತನ್ನು ಬಾಯಲ್ಲಿ ಹೊರಳಿಸುತ್ತ ಬಂದಳು. ಸಲೀಸಾಗಿ ಬರಬೇಕು, ಬಾಯಿಪಾಠ ಮಾಡಿದಂತೆ ಕೇಳಬಾರದು. ಮನೆಯ ತಿರುವಿಗೆ ಬಂದವಳು ನಿಂತುಬಿಟ್ಟಳು. ಪಕ್ಕದ ಜಾಗ ಖಾಲಿ. ಕ್ಯಾರವಾನ್ ನಿಂತಿದ್ದಲ್ಲಿ ಹುಲ್ಲು ಹಳದಿಯಾಗಿತ್ತು, ಚಕ್ರಗಳ ಕೆಳಗೆ ಇಟ್ಟಿದ್ದ ಇಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು.

ಗಂಡ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ. "ಕೊಕ್ಕೆ ಕ್ಯಾರವಾನ್ ಆಕ್ಸಲ್ ಮುರೀತಂತೆ. ಹೊರಡೋ ಹೊತ್ತಲ್ಲಿ ಪಾಪ ಮುಖ ಚಿಕ್ಕದು ಮಾಡ್ಕೊಂಡು ಬಂದ್ರು. ಕ್ಯಾಲೆಂಡರ್ ನೋಡ್ದೆ, ವರ್ಷದ ಕೊನೇವರೆಗೆ ನಮ್ದೇನೂ ಇಲ್ಲ. ತಗೊಂಡು ಹೋಗಿ ಅಂದೆ."

"ನನ್ನ ಒಂದು ಮಾತು ಕೇಳಬೇಕಿತ್ತು."

"ಏನಂತ ಕೇಳ್ಲಿ? ನೀನು ಬರೀದೇ ಇರೋದು ಈ ಮನೇಲಿ ಯಾವತ್ತಾದ್ರೂ ನಡೆದಿದ್ಯಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅದೂ ತಂಗಿಯ ಬಾಯಿಗೆ ಹೋಗಿ ಬಿತ್ತು. ಕೈಚೀಲವನ್ನೂ ಕೆಳಗಿಡದೆ ಕುರ್ಚಿಯಲ್ಲಿ ಕೂತಳು. ಗಂಡ ಈರುಳ್ಳಿ ಹೆಚ್ಚುತ್ತಿದ್ದದ್ದು ಒಳ್ಳೆಯದೇ ಆಯಿತು, ಅವಳ ಕಣ್ಣಿನ ನೀರಿಗೆ ಅವನು ಕಾರಣ ಕೇಳಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ತಂಗಿ. ಅವಳ ದನಿ ಯಾವಾಗಲೂ ದೊಡ್ಡದು, ಸ್ಪೀಕರ್ ಹಾಕುವ ಅಗತ್ಯವೇ ಇರುವುದಿಲ್ಲ.

"ಅಕ್ಕ, ಏನೇ ಇದೆಲ್ಲ? ಗೇಟಿನವನು ನಂಬರ್ ನೋಡಿ, ನಿಮ್ಮ ಜಾಗ ಮರದ ಕೆಳಗೆ ಕಾದಿದೆ ಅಂದ. ಒಳಗೆ ನೋಡಿದ್ರೆ ಹೊಸ ಹೊದಿಕೆ, ಕೇಕು. ನಮ್ಮ ಆಕ್ಸಲ್ ಮುರಿಯುತ್ತೆ ಅಂತಾನೂ ನಿನಗೆ ಮೊದಲೇ ಗೊತ್ತಿತ್ತಾ? ಸ್ವೆಟರ್ ಮಾತ್ರ ಇವರಿಗೆ ಹೊಟ್ಟೆ ಹತ್ರ ಬಿಗಿ. ಭಾವನ ಅಳತೆ ನೋಡಿ ತಂದಿದ್ದೀಯ ಅನ್ಸುತ್ತೆ."

"ಹಾಕ್ಕೊಳ್ಳಿ" ಎಂದಳು ಅಕ್ಕ.

ಫೋನ್ ಇಟ್ಟಾಗ ಚಾಕುವಿನ ಸದ್ದು ನಿಂತಿತ್ತು. ಲಿಫ್ಟಿನ ನೂರು ತಂತಿಗಳಲ್ಲಿ ಸುಟ್ಟದ್ದು ಯಾವುದೆಂದು ಹುಡುಕುವವನಿಗೆ ಇದು ದೊಡ್ಡ ಒಗಟೇನಲ್ಲ. ಗಂಡ ಕೈ ಒರೆಸಿಕೊಂಡು ಅವಳ ಎದುರು ಬಂದು ನಿಂತ.

"ನನಗೆ ಹೇಳಿದ್ರೆ ಕೊಡ್ತಿರಲಿಲ್ಲ."

"ಹೇಳಿದ್ರೆ ಅದು ಸುಮ್ಮನೆ ಹೊರಡೋದು ಹೇಗಾಗುತ್ತೆ?"

ಅವನು ನಗಲಿಲ್ಲ. ನಕ್ಕಿದ್ದರೆ ಅವಳು ಆ ಹೊತ್ತಿಗೆ ಏನು ಮಾಡುತ್ತಿದ್ದಳೋ ಹೇಳಲಾಗದು. ಒಲೆ ಆರಿಸಿ, ಎರಡು ದಿಂಬು ಕಂಕುಳಲ್ಲಿ ಇಟ್ಟುಕೊಂಡು, "ನಡಿ" ಎಂದ. ದಾರಿಯುದ್ದಕ್ಕೂ ಅವಳು ಬಾಯಲ್ಲಿ ಹೊರಳಿಸಿದ್ದ ಮಾತು, ಆಡಿದವನು ಅವನು. ಅದಕ್ಕೂ ಅವಳಿಗೆ ಚೂರು ಅಸೂಯೆಯಾಯಿತು.

ಗಂಡನ ಲಿಫ್ಟ್ ಸಾಮಾನಿನ ವ್ಯಾನಿನಲ್ಲಿ ಕೆರೆ ಮುಟ್ಟುವಾಗ ಬೆಳಕು ಇನ್ನೂ ಇತ್ತು. ಮರದ ಕೆಳಗೆ ತನ್ನ ಕ್ಯಾರವಾನ್, ತನ್ನ ಮಡಿಸುವ ಕುರ್ಚಿಗಳು, ತನ್ನ ಚಪ್ಪಲಿ ಹಾಕಿಕೊಂಡ ತಂಗಿ, ಅರ್ಧ ಮುಗಿದ ಕೇಕು. ನೀಲಿ ಸ್ವೆಟರಿನಲ್ಲಿ ಕೊಕ್ಕೆ ಬಿಗಿದ ದಿಂಬಿನಂತೆ ಕೂತಿದ್ದ. ಅಕ್ಕನನ್ನು ಕಂಡು ಇಬ್ಬರೂ ಎದ್ದು ಕುರ್ಚಿ ಕೊಟ್ಟರು. ತನ್ನದೇ ಮನೆಯಲ್ಲಿ ನೆಂಟಳಾಗುವ ಭಾಗ್ಯ ಎಷ್ಟು ಜನಕ್ಕಿದೆ?

ಕೂತು ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಕೊಕ್ಕೆಯ ಫೋನ್ ಹೊಡೆದುಕೊಂಡಿತು. "ಕೊಕ್ಕೆ" ಎಂದು ಎತ್ತಿದವನು ಆಮೇಲೆ ಹೂಂ, ಹೂಂ ಎಂದಷ್ಟೇ ಅಂದ. ಹೆದ್ದಾರಿಯಲ್ಲಿ ಲಾರಿ ಮಗುಚಿತ್ತು. ಅವನು ಎದ್ದು ಸ್ವೆಟರ್ ಬಿಚ್ಚಿ, ಮಡಿಸಿ, ಅಕ್ಕನ ಗಂಡನ ತೊಡೆಯ ಮೇಲಿಟ್ಟ. "ನಾಳೆ ಬರೋಕಾದ್ರೆ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಕಾರು ಹತ್ತಿ ಹೋದ. ತಂಗಿ ಕೈ ಬೀಸಿದಳು. ಕಾರು ಮರೆಯಾದ ಮೇಲೂ ಅವಳ ಕೈ ಸ್ವಲ್ಪ ಹೊತ್ತು ಮೇಲೇ ಇತ್ತು.

"ಯಾವಾಗ್ಲೂ ಹೀಗೇನಾ?" ಎಂದು ಅಕ್ಕ ಕೇಳಿದಳು.

"ಸುಮಾರು ಸಲ. ಅದಕ್ಕೇ ಈ ಕೆರೆ ಬಿಟ್ಟು ಬೇರೆಲ್ಲೂ ಹೋಗಲ್ಲ. ಇಲ್ಲಿಂದಾದ್ರೆ ಬೇಗ ವಾಪಸ್ ಹೋಗಬಹುದು." ತಂಗಿ ಕಾಲಿನಿಂದ ಚಪ್ಪಲಿ ಬಿಟ್ಟು ಅಕ್ಕನ ಕಡೆ ತಳ್ಳಿದಳು. "ನಾವೇನು ಮನಸ್ಸು ಬಂದಾಗ ಹೊರಡ್ತೀವಿ ಅಂದ್ಕೊಂಡಿದ್ಯಾ? ಇವರ ಲಾರಿ ಆಫೀಸಿನವರು ಬಿಟ್ಟಾಗ ಹೊರಡ್ತೀವಿ. ಶನಿವಾರ ನಮ್ಮದಾ ಅಂತ ಶುಕ್ರವಾರ ಸಂಜೇವರೆಗೆ ಗೊತ್ತಿರಲ್ಲ. ನಿಮ್ಮನೆಗೆ ಬಂದಾಗೆಲ್ಲ ಬಾಗಿಲ ಹಿಂದೆ ನೋಡ್ತೀನಿ, ಅಕ್ಕ. ಮುಂದಿನ ವರ್ಷ ಈ ವಾರ ಇಬ್ರೂ ಜೊತೇಲಿ ಇರ್ತೀವಿ ಅಂತ ಪೆನ್ನಲ್ಲಿ ಬರೀತೀಯಲ್ಲ. ಹೊಟ್ಟೆ ಉರಿಯುತ್ತೆ."

ಅಕ್ಕನಿಗೆ ಮೊದಲು ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಇಷ್ಟು ವರ್ಷ ತಾನೊಬ್ಬಳೇ ಉರಿದುಕೊಂಡಿದ್ದು ಈಗ ಪಾಲಾಯಿತಲ್ಲ ಎಂದು ತಣ್ಣಗಾಯಿತು. ನಾಚಿಕೆ ಅದರ ಹಿಂದೆ ನಿಧಾನವಾಗಿ ಬಂತು. ಉಳಿದ ಕೇಕನ್ನು ಕತ್ತರಿಸಿ ದೊಡ್ಡ ತುಂಡನ್ನು ತಂಗಿಯ ತಟ್ಟೆಗೆ ಹಾಕಿದಳು.

ಕೊಕ್ಕೆ ಮರುದಿನವೂ ಬರಲಿಲ್ಲ. ಮೂವರೇ ನೀರಿನ ಅಂಚಿಗೆ ಕೂತರು. ಗಂಡ ನಕ್ಕನೇ ಎಂದರೆ, ನಕ್ಕ. ಕಣ್ಣಲ್ಲಿ ನೀರು ಬರುವಷ್ಟಲ್ಲ. ತಂಗಿ ದಿಂಬಿಗೆ ತಲೆ ಕೊಟ್ಟ ಕೂಡಲೇ ಮಕ್ಕಳಂತೆ ನಿದ್ದೆ ಹೋಗುವುದನ್ನು ಕಂಡು ಅಕ್ಕನಿಗೆ ಮತ್ತೆ ಹೊಟ್ಟೆಕಿಚ್ಚಾಯಿತು. ಒಂದು ಮಾತಿಗೆ ಅದೆಲ್ಲ ಆರಿಹೋಗುವಂಥದ್ದಲ್ಲ. ವಾಪಸ್ಸು ಬರುವಾಗ ಕ್ಯಾರವಾನನ್ನು ವ್ಯಾನಿಗೆ ಕೊಂಡಿ ಹಾಕಿ ಎಳೆದು ತಂದು, ತಂಗಿಯನ್ನು ಅವಳ ಮನೆಯ ಮುಂದೆ ಇಳಿಸಿದರು. ಅಲ್ಲಿಂದ ಹೊರಡುವಾಗ ತಂಗಿ ವ್ಯಾನಿನ ಕಿಟಕಿಗೆ ಬಗ್ಗಿ, "ಅಕ್ಕ, ಮುಂದಿನ ವರ್ಷದ್ರಲ್ಲಿ ಎಲ್ಲಾದ್ರೂ ಒಂದು ವಾರ ನಮ್ಮದೂ ಬರಿ. ಬರೋಕಾಗುತ್ತೋ ಇಲ್ವೋ. ಬರೆದಿದ್ರೆ ಸಾಕು" ಎಂದಳು.

ಮನೆಗೆ ಬಂದ ಸಂಜೆಯೇ ಅಕ್ಕ ಬೀರುವಿನ ಮೇಲಿಂದ ಸುರುಳಿ ಇಳಿಸಿ, ಧೂಳು ಒರೆಸಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ಬಿಡಿಸಿದಳು. ಗಂಡನನ್ನು ಕರೆಯಲಿಲ್ಲ, ಕುರ್ಚಿಯನ್ನೂ ಎಳೆಯಲಿಲ್ಲ. ಅವನು ನೀಲಿ ಸ್ವೆಟರಿನಲ್ಲಿ ಕಿಟಕಿಯ ಹತ್ತಿರ ನಿಂತಿದ್ದ. ಬೇಸಿಗೆಯ ನಡುವಿನ, ಸಾಮಾನ್ಯವಾಗಿ ಮಳೆ ಬಾರದ, ಎಲ್ಲಕ್ಕಿಂತ ಒಳ್ಳೆಯ ವಾರ ಒಂದಿದೆ. ಪ್ರತಿ ವರ್ಷ ಅವಳು ಮೊದಲು ಹಿಡಿಯುವುದು ಅದನ್ನೇ. ಪೆನ್ಸಿಲ್ ತೆಗೆದುಕೊಂಡು ಆ ವಾರದಲ್ಲಿ ತಂಗಿ ಮತ್ತು ಕೊಕ್ಕೆ ಎಂದು ಬರೆಯಹೊರಟಳು. ಆಗುತ್ತೋ ಇಲ್ಲವೋ ಎನ್ನುವುದಕ್ಕೆ ಪೆನ್ಸಿಲೇ ಸರಿ. ಮೊನೆ ಊರಿದವಳು ಹಾಗೇ ಕೂತಳು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ಪೆನ್ನು ತೆಗೆದು, ಏಳು ಚೌಕಕ್ಕೂ ತುಂಬುವಂತೆ ಬರೆದಳು.

ಗಂಡ ಹಿಂದಿನಿಂದ ಬಂದು ಓದಿದ. ಆ ವಾರ ಯಾವುದೆಂದು ಅವನಿಗೂ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತ.

"ನಂಗೂ ಒಂದು ಪೆನ್ನು ಕೊಡು" ಎಂದ.