ಹೊಸ್ತಿಲ ಕೆಮ್ಮು

ನಮ್ಮ ಮಾವನವರ ಬಲಗೈ ಬೆರಳುಗಳು ಸದಾ ಕೆಂಪು. ಲಕ್ಷ್ಮೇಶ್ವರದ ಬಜಾರದಲ್ಲಿ ಅವರದು ಒಣಮೆಣಸಿನಕಾಯಿ ಅಂಗಡಿ. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ತೆಗೆದು, ತೊಟ್ಟು ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ಬೀಜ ಗಿಲಗಿಲ ಎಂದರೆ ಕಾಯಿ ಒಣಗಿದೆ ಎಂದು ಲೆಕ್ಕ. ಗಿರಾಕಿಗಳು ಮೆಟ್ಟಿಲು ಹತ್ತುತ್ತಲೇ ಸೀನಿ, ಕೆಮ್ಮಿ ಕಣ್ಣೊರೆಸಿಕೊಳ್ಳುವಾಗ ಇವರು ಆ ಘಾಟಿನ ನಡುವೆ ಆರಾಮಾಗಿ ಚಹಾ ಕುಡಿಯುತ್ತಿದ್ದರು. ಮೊಮ್ಮಗಳನ್ನು ಎತ್ತಿಕೊಳ್ಳುವ ಮುಂಚೆ ಮಾತ್ರ ಕೈಗೆ ಶೇಂಗಾ ಎಣ್ಣೆ ತಿಕ್ಕಿ, ಸಾಬೂನು ಹಚ್ಚಿ ತೊಳೆದು, ಬೆರಳನ್ನು ತಮ್ಮದೇ ಕಣ್ಣಿಗೆ ಒತ್ತಿ ನೋಡುವರು. ಉರಿಯಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕೂಸನ್ನು ಮುಟ್ಟುವುದು. ಏನನ್ನೇ ಆಗಲಿ, ಮೊದಲು ತಮ್ಮ ಮೇಲೆ ಪರೀಕ್ಷೆ ಮಾಡಿಕೊಳ್ಳುವ ಸ್ವಭಾವ.

ಅಂಗಡಿಯಲ್ಲಿ ಎಂದೂ ಕೆಮ್ಮದವರು ಮನೆಗೆ ಬರುವಾಗ ಮಾತ್ರ ಕೆಮ್ಮುತ್ತಿದ್ದರು. ಹೊಸ್ತಿಲ ಹೊರಗೆ ನಿಂತು ಎರಡೇ ಸಲ. ಅದು ‘ನಾನು ಬಂದೆ’ ಎನ್ನುವ ಖಬರು. ಒಳಗಿದ್ದ ನಾನು ಮಾತು ನಿಲ್ಲಿಸಿ, ಎದ್ದು, ತಲೆಯ ಮೇಲೆ ಸೆರಗು ಎಳೆದುಕೊಳ್ಳಬೇಕು. ಬೆಟಗೇರಿಯ ನನ್ನ ತವರಿನಲ್ಲಿ ಈ ಪದ್ಧತಿ ಇರಲಿಲ್ಲ. ಅಲ್ಲಿ ಯಾರಾದರೂ ಕೆಮ್ಮಿದರೆ ನೆಗಡಿ ಎಂದಷ್ಟೇ ಅರ್ಥ. ಮಾವ ಸೊಸೆ ನೇರವಾಗಿ ಮಾತಾಡುವಂತೆಯೂ ಇರಲಿಲ್ಲ. ನೀರು ಬೇಕಾದರೆ ಅವರು ಗೋಡೆಯ ಕಡೆ ನೋಡಿ, “ಒಂದು ತಂಬಿಗಿ ನೀರು ಸಿಕ್ಕಿದ್ರ ಚೊಲೋ ಇತ್ತು” ಎನ್ನುವರು. ಗೋಡೆಯ ಪರವಾಗಿ ನಾನು ನೀರು ತಂದಿಡುತ್ತಿದ್ದೆ. ಮಗಳು ಹುಟ್ಟಿ ಓಡಾಡತೊಡಗಿದರೂ ನಮ್ಮ ಮಾತುಕತೆ ಹೀಗೆಯೇ ನಡೆದಿತ್ತು.

ಆಗ ಅವರಿಗೆ ಹೃದಯಾಘಾತವಾಯಿತು. ಗದಗಿನ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು, ಒಂದು ಚೀಲ ಗುಳಿಗೆ ಹಿಡಿದು ಮನೆಗೆ ಬಂದರು. ಕೆಲವು ವಾರ ಕಳೆಯುವುದರೊಳಗೆ ಕೆಮ್ಮು ಶುರುವಾಯಿತು. ಕಫವಿಲ್ಲ, ಜ್ವರವಿಲ್ಲ, ಬರೀ ಒಣ ಕೆಮ್ಮು. ಅವರು ಕೆಮ್ಮಿದರೆ ನಾನು ಏಳಬೇಕಲ್ಲ! ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡು ಎದ್ದು ನೋಡಿದರೆ ಯಾರೂ ಬಂದಿಲ್ಲ; ಮಾವನವರು ಪಡಸಾಲೆಯಲ್ಲಿ ಕೂತಲ್ಲೇ ಇದ್ದಾರೆ. ಹೊಸ್ತಿಲ ಕೆಮ್ಮು ಯಾವುದು, ರೋಗದ ಕೆಮ್ಮು ಯಾವುದು ಗೊತ್ತಾಗದೆ ನನ್ನ ಸೀರೆಗಳಿಗೆಲ್ಲ ಜೋಳದ ಹಿಟ್ಟಾಯಿತು. ನಾನು ದಡಬಡಿಸಿ ಏಳುವುದು ಕಂಡು ಅವರಿಗೂ ಮುಜುಗರ. ಕೆಮ್ಮು ಬಂದರೆ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಓಡತೊಡಗಿದರು.

ಮೆಣಸಿನಕಾಯಿ ಘಾಟು ಎಂದು ಓಣಿಯವರೆಲ್ಲ ತೀರ್ಮಾನಿಸಿದರು. ಜನ್ಮವೆಲ್ಲ ಹತ್ತದ ಘಾಟು ಈಗ ಹೇಗೆ ಹತ್ತಿತು ಎಂದು ನನಗೆ ಸೋಜಿಗ. ಅತ್ತೆ ಶುಂಠಿ, ಜ್ಯೇಷ್ಠಮಧು ಕುದಿಸಿ ಕಷಾಯ ಮಾಡಿಕೊಟ್ಟರು. ಮಾವನವರಿಗೆ ಮಾತ್ರ ಟಿಬಿಯ ಹೆದರಿಕೆ. ಊರಿನ ದವಾಖಾನೆಯ ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದರೂ ನಂಬದೆ ಲೋಟ, ತಟ್ಟೆ ಬೇರೆ ಇಟ್ಟುಕೊಂಡರು. ಕೂಸು ಕೈ ಚಾಚಿ ಬಂದರೆ, “ದೂರ ಇರವಾ, ಹತ್ರ ಬರಬ್ಯಾಡ” ಎಂದು ತಾವೇ ಹಿಂದೆ ಸರಿಯುತ್ತಿದ್ದರು. ಎಣ್ಣೆ ಹಚ್ಚಿ ಕೈ ತೊಳೆಯುವುದೂ ನಿಂತಿತು.

“ಗದಗಿನ ಡಾಕ್ಟರಿಗಿ ಒಂದು ಮಾತು ಹೇಳ್ರಿ” ಎಂದು ಅತ್ತೆ ಅಂದರೆ ರೇಗುವರು: “ಜೀವಾ ಉಳಿಸಿದವ್ರ ಮುಂದ ಕೆಮ್ಮಿನ ತಕರಾರು ತಗೊಂಡು ಹೋಗ್ಲೇನು? ಅವ್ರು ಏನಂದಾರು?”

ಒಂದು ವಾರ ಕೆಮ್ಮು ಕಡಿಮೆಯಾಯಿತು, ಆಮೇಲೆ ಪೂರ್ತಿ ನಿಂತಿತು. ಅತ್ತೆಯ ಕಷಾಯ ಓಣಿಯಲ್ಲೆಲ್ಲ ಹೆಸರಾಯಿತು. ಮಾವನವರು ಎಣ್ಣೆ ಹಚ್ಚಿ ಕೈ ತೊಳೆದು ಕೂಸನ್ನು ಎತ್ತಿಕೊಂಡು ಬಜಾರ ಸುತ್ತಿಸಿ ಬಂದರು. ಎಲ್ಲರಿಗೂ ಖುಷಿ, ನನಗೂ ಖುಷಿ. ಆದರೆ ಆ ಕಷಾಯವನ್ನು ಅವರು ದಿನವೂ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿಯುವುದನ್ನು ನಾನು ಕಣ್ಣಾರೆ ಕಂಡಿದ್ದೆ. ಹಾಗಾದರೆ ಕೆಮ್ಮು ಹೋದದ್ದು ಯಾತರಿಂದ? ಗೋಡೆಯನ್ನು ಕೇಳುವಂತಿರಲಿಲ್ಲ.

ಒಂದು ಮಧ್ಯಾಹ್ನ ಅತ್ತೆ ಪಕ್ಕದ ಮನೆಗೆ ಹೋಗಿದ್ದರು, ನನ್ನ ಗಂಡ ಮಾಲು ತರಲು ಬ್ಯಾಡಗಿಗೆ. ಅಡುಗೆಮನೆಯಲ್ಲಿ ತಲೆ ಎತ್ತಿದರೆ ಬಾಗಿಲಲ್ಲಿ ಮಾವನವರು ನಿಂತಿದ್ದಾರೆ. ಕೆಮ್ಮಿರಲಿಲ್ಲ. ಚೌಕಟ್ಟು ಹಿಡಿದಿದ್ದರು, ಮುಖವೆಲ್ಲ ಬೆವರು, ಪಾದಗಳು ಬಾತಿದ್ದವು. ಗೋಡೆಯನ್ನಲ್ಲ, ನನ್ನನ್ನೇ ನೋಡಿ ಮೊದಲ ಸಲ ಮಾತಾಡಿದರು: “ಯವ್ವಾ, ದಮ್ಮ ಹತ್ತೇತಿ.”

ಪಕ್ಕದ ಮನೆಯವರ ಕಾರಿನಲ್ಲಿ ಕರೆದುಕೊಂಡು ಹೊರಟೆವು. ಮುಳಗುಂದ ದಾಟುವಾಗ ಅವರ ಉಸಿರಿನ ಸದ್ದು ಕೇಳಿ, ಗದಗ ಮುಟ್ಟುತ್ತೇವೋ ಇಲ್ಲವೋ ಎಂದು ನಾನು ಮೈಲಿಗಲ್ಲು ಎಣಿಸುತ್ತಿದ್ದೆ. ಅಲ್ಲಿ ಉಸಿರು ಹದಕ್ಕೆ ಬಂದ ಮೇಲೆ ಡಾಕ್ಟರು, “ಗುಳಿಗಿ ಎಲ್ಲಾ ತಗೋತೀರಿಲ್ರಿ?” ಎಂದು ಕೇಳಿದರು. ಮಾವನವರು ಆಸ್ಪತ್ರೆಯ ಗೋಡೆ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು.

“ಮಾವಾರ, ಖರೆ ಹೇಳ್ರಿ. ಯಾವ ಗುಳಿಗಿ ಬಿಟ್ಟೀರಿ?” ನನ್ನ ದನಿ ಕೇಳಿ ನನಗೇ ಆಶ್ಚರ್ಯವಾಯಿತು.

“ಒಂದೊಂದ ಬಿಟ್ಟು ನೋಡಿದೆ, ಯವ್ವಾ. ಆ ಸಣ್ಣ ಬಿಳೇದು ಬಿಟ್ಟ ಮ್ಯಾಲೆ ಕೆಮ್ಮು ಹೋತು. ಕೂಸಿನ್ನ ಎತ್ಗೋಬೇಕಾಗಿತ್ತು.”

ಡಾಕ್ಟರು ತಲೆಯ ಮೇಲೆ ಕೈ ಇಟ್ಟುಕೊಂಡರು. “ನೀವು ಹುಡುಕಿದ್ದು ಬರೋಬ್ಬರಿ ಐತಿ, ಯಜಮಾನ್ರ. ಆ ಗುಳಿಗಿ ಕೆಲವ್ರಿಗೆ ಒಣಾ ಕೆಮ್ಮು ತರತೈತಿ. ಆದ್ರ ಹಾರ್ಟಿಗಿ ಆಸರಾನೂ ಅದ; ಬಿಟ್ಟಿದ್ದಕ್ಕ ದಮ್ಮ ಹತ್ತಿ ಕಾಲು ಬಾತಾವು. ಹಿಂಗ ಒಂದೊಂದ ಬಿಟ್ಟು ನೋಡಿದ್ರ ಜೀವಕ್ಕ ಬರತೈತ್ರಿ. ಸ್ಟೆಂಟಿನ ಗುಳಿಗಿನೂ ಬಿಟ್ಟಿದ್ರಲ್ಲ, ಬದುಕಿದ್ದ ದೊಡ್ಡದು! ಕೆಮ್ಮು ಬರಲಾರದ ಬ್ಯಾರೆ ಗುಳಿಗಿ ಐತಿ. ಒಂದು ಮಾತು ಹೇಳಿದ್ರ ಮುಗೀತಿತ್ತು.”

ಆಸ್ಪತ್ರೆಯಿಂದ ಮಗ ಕರೆತಂದ ಸಂಜೆ ಅವರು ಹೊಸ್ತಿಲಲ್ಲಿ ನಿಂತರು. ನಾನು ಅಭ್ಯಾಸಬಲದಿಂದ ಅರ್ಧ ಎದ್ದೆ.

“ಕುಂಡ್ರವಾ. ಕೆಮ್ಮೂದು ನಾ ಬಿಟ್ಟೆ, ಏಳೂದು ನೀ ಬಿಡು” ಅಂದರು. ಅವತ್ತಿನಿಂದ ಬಾಗಿಲಲ್ಲಿ “ಯವ್ವಾ, ಬಂದೆ” ಎಂದು ಕೂಗಿಯೇ ಒಳಗೆ ಬರುತ್ತಿದ್ದರು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು ನನ್ನ ಜೊತೆ ಬಜಾರದ ಸುದ್ದಿಯನ್ನೆಲ್ಲ ಮಾತಾಡುವರು. ಗೋಡೆಗೆ ಕೆಲಸ ತಪ್ಪಿತು.

ಹೊಸ ಗುಳಿಗೆಯಿಂದ ಎದ್ದು ನಿಂತಾಗ ತಲೆ ಗಿರ್ ಎನ್ನತೊಡಗಿತು. ಈ ಸಲ ಅವರೇ ಫೋನ್ ಮಾಡಿದರು. ಡಾಕ್ಟರು ಗುಳಿಗೆಯ ಅಳತೆ ಸ್ವಲ್ಪ ಇಳಿಸಿ, ಏಳುವ ಮುಂಚೆ ಮಂಚದ ಅಂಚಿನಲ್ಲಿ ತುಸು ಕೂತಿರಲು ಹೇಳಿದರು. ಆಮೇಲೆ ಇವರ ಬಾಯಿಗೆ ತಡೆಯೇ ಇಲ್ಲ. ನಾಲಗೆ ರುಚಿ ಕೆಟ್ಟದ್ದು, ಕಾಲು ಜುಮ್ಮೆಂದದ್ದು, ಕಡೆಗೆ ಕನಸಿನಲ್ಲಿ ಒಂಟೆ ಬಂದದ್ದೂ ವರದಿಯಾಯಿತು. “ಒಂಟಿಗೆ ನಾ ಜವಾಬ್ದಾರ ಅಲ್ರಿ” ಎಂದು ಡಾಕ್ಟರು ನಕ್ಕರಂತೆ. ಅಂಗಡಿಗೆ ಬಂದವರು ಯಾರಾದರೂ ಗುಳಿಗೆಯನ್ನು ಬೈದರೆ ಮಾವನವರದು ಒಂದೇ ಮಾತು: “ಗುಳಿಗಿಗೂ ಘಾಟ ಇರತೈತಿ. ಹತ್ತಿದವ ಬಾಯಿ ಬಿಡಬೇಕು, ಗುಳಿಗಿ ಬಿಡಬಾರದು.”

ಹೀಗೆ ಬಾಯಿ ಬಿಡುತ್ತ ಅವರು ಇನ್ನೂ ಹಲವು ವರ್ಷ ಬದುಕಿದರು. ಮೊಮ್ಮಗಳು ಎತ್ತಿಕೊಳ್ಳಲಾಗದಷ್ಟು ದೊಡ್ಡವಳಾದಳು. ಹೋದ ಚಳಿಗಾಲದಲ್ಲಿ ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತುಂಬ ನೆಂಟರು. ನನಗೆ ಅಳುವೇ ಬಂದಿರಲಿಲ್ಲ. ಯಾರಿಗೆ ಚಹಾ ಆಯಿತು, ಯಾರಿಗೆ ಇಲ್ಲ ಎಂದು ನೋಡಿಕೊಂಡೇ ಓಡಾಡಿ ಆಗಷ್ಟೇ ಅತ್ತೆಯ ಪಕ್ಕ ಕೂತಿದ್ದೆ. ಮುಂಡರಗಿಯಿಂದ ಮಾವನವರ ತಮ್ಮ ಬಂದರು. ಹೊಸ್ತಿಲ ಹೊರಗೆ ನಿಂತು ಎರಡು ಸಲ ಕೆಮ್ಮಿದರು, ಥೇಟ್ ಅದೇ ಕೆಮ್ಮು. ಹೆಂಗಸರೆಲ್ಲ ಎದ್ದರು. ನನ್ನ ಕೈ ತಾನಾಗಿಯೇ ಸೆರಗಿಗೆ ಹೋಯಿತು. ಅತ್ತೆ ಆ ಕೈ ಹಿಡಿದು ಕೆಳಗೆ ಎಳೆದರು.

“ಕುಂಡರಬೇ” ಅಂದರು. “ನಿನಗ ಏಳಬ್ಯಾಡ ಅಂತ ನಿಮ್ಮ ಮಾವಾರು ಹೇಳ್ಯಾರ.”

ಕೂತೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.